ಬೆಟ್ಟವಿಲ್ಲದ ಫಿಯೋರ್ಡಿನಲ್ಲಿ ನಾಲ್ಕು ರಾತ್ರಿ

"ಫಿಯೋರ್ಡ್ ನೋಡೋಕೆ ಹೊರಟೆ" ಎಂದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ತಂಗಿ ಒಂದು ಫೋಟೊ ಕಳಿಸಿದಳು. ಎರಡೂ ಕಡೆ ಕಡಿದಾದ ಬೆಟ್ಟ, ನೆತ್ತಿಯಲ್ಲಿ ಹಿಮ, ಕೆಳಗೆ ಕಡು ಹಸಿರು ನೀರು. "ಇದೇ ಅಲ್ವಾ?" ಅಲ್ಲ, ಅದು ನಾರ್ವೆ. ನಾನು ಹೊರಟಿದ್ದು ಡೆನ್ಮಾರ್ಕಿನ ಲಿಮ್‌ಫಿಯೋರ್ಡ್‌ಗೆ. ಇಡೀ ಡೆನ್ಮಾರ್ಕಿನ ಅತಿ ಎತ್ತರದ ನೆಲವೇ 171 ಮೀಟರ್ ಮುಟ್ಟುವುದಿಲ್ಲ. ನಮ್ಮ ಕುಮಟಾ ಕಡೆ ಅಷ್ಟೆತ್ತರದ್ದಕ್ಕೆ ಗುಡ್ಡ ಎನ್ನುತ್ತಾರೆ, ಕೆಲವಕ್ಕೆ ಹೆಸರೂ ಇಟ್ಟಿರುವುದಿಲ್ಲ.

ಡೇನರಿಗೆ ನೆಲದೊಳಗೆ ಉದ್ದಕ್ಕೆ ನುಗ್ಗಿದ ನೀರೆಲ್ಲ ಫಿಯೋರ್ಡ್. ಲಿಮ್‌ಫಿಯೋರ್ಡ್ ಅಂದರೆ ಡೆನ್ಮಾರ್ಕಿನ ಯುಲ್ಯಾಂಡ್ ಪರ್ಯಾಯದ್ವೀಪದ ತಲೆಯನ್ನು ಅಡ್ಡಕ್ಕೆ ಸೀಳಿಕೊಂಡು, ಪಶ್ಚಿಮದ ಉತ್ತರ ಸಮುದ್ರದಿಂದ ಪೂರ್ವದ ಕಟ್ಟೆಗಟ್ ಸಮುದ್ರದ ತನಕ ಸುಮಾರು 180 ಕಿಲೋಮೀಟರ್ ಹರಡಿದ ಉಪ್ಪುನೀರು. ಸರಾಸರಿ ಆಳ 5 ಮೀಟರಿನ ಆಸುಪಾಸು. ಅಂದರೆ ನಮ್ಮ ಅಘನಾಶಿನಿ ಅಳಿವೆಯ ತರಹ: ಅಗಲ, ಆಳವಿಲ್ಲದ್ದು, ಕೆಸರಿನದು, ಚಿಪ್ಪಿನದು. ಅಳಿವೆ ದಡದಲ್ಲಿ ಬೆಳೆದವನು ನಾನು. ನೀರು ಓದುವುದು ನನಗೆ ಗೊತ್ತು ಅಂದುಕೊಂಡೇ ಹೋದೆ. ಎಡವಿದ್ದೂ ಅಲ್ಲಿಯೇ.

ನಾನಿರುವುದು ಡೆನ್ಮಾರ್ಕಿನದೇ ಊರಾದ ಆರ್ಹುಸ್‌ನಲ್ಲಿ, ಕೆಲಸಕ್ಕಾಗಿ. ಜೂನ್ 20ರ ಬೆಳಗ್ಗೆ ಸೈಕಲ್ ಸಮೇತ ರೈಲು ಹತ್ತಿ ಸ್ಕೀವ ಎಂಬ ಊರಿನಲ್ಲಿಳಿದೆ. ಸೈಕಲ್ಲಿಗೂ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ, ಬೇಸಿಗೆಯಲ್ಲಿ ಬೇಗ ತುಂಬುತ್ತದೆ. ಸ್ಕೀವದಿಂದ ಬ್ರಾಂಡೆನ್ ದಕ್ಕೆಗೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ಗುಡ್ಡ ಇಲ್ಲ, ಎರಡು ಗಂಟೆ ಸಾಕು ಎಂಬುದು ನನ್ನ ಲೆಕ್ಕ. ಹಿಡಿದಿದ್ದು ಮೂರೂವರೆ. ವಾಯವ್ಯದ ಗಾಳಿ ಎದೆಗೆ ಒದೆಯುತ್ತಿತ್ತು. ಇಲ್ಲಿ ಹತ್ತಬೇಕಾದ ಬೆಟ್ಟ ಗಾಳಿಯೇ. ಇಳಿಜಾರು ಬಂದರೂ ಪೆಡಲ್ ತುಳಿಯಲೇಬೇಕು.

ದಾರಿಯಲ್ಲಿ ಒಂದು ಸುಖವಿತ್ತು. ತೋಟದ ಮನೆಗಳ ಮುಂದೆ ಪುಟ್ಟ ಮರದ ಗೂಡಂಗಡಿಗಳು. ಮಾರುವವರು ಯಾರೂ ಇಲ್ಲ. ಹೊಸ ಆಲೂಗಡ್ಡೆ, ಸ್ಟ್ರಾಬೆರಿ, ಮೊಟ್ಟೆ, ಜೇನು ಇಟ್ಟು, ಪಕ್ಕದಲ್ಲಿ ಒಂದು ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಇಲ್ಲವೇ ಮೊಬೈಲ್‌ಪೇ ನಂಬರ್ ಬರೆದಿರುತ್ತಾರೆ. ಹೊರದೇಶದಿಂದ ಬರುವ ಹೆಚ್ಚಿನವರಿಗೆ ಆ ಆ್ಯಪ್ ಕೆಲಸ ಮಾಡುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ನಾನು ಒಂದು ಕಿಲೋ ಆಲೂಗಡ್ಡೆ ತೆಗೆದುಕೊಂಡೆ. ಸಿಪ್ಪೆ ಉಜ್ಜಿದರೆ ಹೋಗುವಷ್ಟು ಎಳಸು. ಆ ರಾತ್ರಿ ಸ್ಪಿರಿಟ್ ಸ್ಟೋವಿನಲ್ಲಿ ಬೇಯಿಸಿ, ಬೆಣ್ಣೆ ಹಾಕಿ, ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಡೇನರು ಸಬ್ಬಸಿಗೆ ಹಾಕುತ್ತಾರೆ. ನನ್ನದೇ ರುಚಿ ಜಾಸ್ತಿ, ಹೇಳಿಬಿಡುತ್ತೇನೆ.

ಬ್ರಾಂಡೆನ್‌ನಿಂದ ಫೂರ್ ದ್ವೀಪಕ್ಕೆ ಫೆರ್ರಿ. ಹತ್ತಿ ಸೈಕಲ್ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಇಳಿಯುವ ಹೊತ್ತು, ನಾಲ್ಕೈದು ನಿಮಿಷವೂ ಇಲ್ಲ. ದ್ವೀಪ ಸುಮಾರು 22 ಚದರ ಕಿಲೋಮೀಟರ್, ಜನ ಸಾವಿರವೂ ಇಲ್ಲ.

ಮಲಗಲು ಹುಡುಕಿಕೊಂಡಿದ್ದು ಶೆಲ್ಟರ್. ಮೂರು ಕಡೆ ಮರದ ಗೋಡೆ, ಇಳಿಜಾರಿನ ಮಾಡು, ಮುಂದಿನ ಕಡೆ ಪೂರ್ತಿ ತೆರೆದದ್ದು. ಗದ್ದೆ ಕಾಯುವ ಮಾಳಕ್ಕೆ ಇನ್ನೊಂದಿಷ್ಟು ಹಲಗೆ ಹೊಡೆದ ಹಾಗೆ. ಡೆನ್ಮಾರ್ಕಿನ ತುಂಬ ಇಂಥವು ಇವೆ. ಕೆಲವು ಪುಕ್ಕಟೆ, ಕೆಲವಕ್ಕೆ ಸಣ್ಣ ಶುಲ್ಕ. ಕೆಲವನ್ನು ಮೊದಲೇ ಕಾಯ್ದಿರಿಸಬಹುದು, ಉಳಿದವು ಮೊದಲು ಬಂದವರಿಗೆ. ನಾನು ಬರುವಷ್ಟರಲ್ಲಿ ನನ್ನ ಶೆಲ್ಟರಿನಲ್ಲಿ ಒಂದಿಡೀ ಸಂಸಾರ, ಮೂರು ಮಕ್ಕಳು, ಒಂದು ನಾಯಿ. ಸರಿ, ಪಕ್ಕದಲ್ಲೇ ಗುಡಾರ ಹೊಡೆದೆ. ಗುಡಾರ ಒಂದು ಕೈಲಿರಲೇಬೇಕು. ನಾರ್ವೆ, ಸ್ವೀಡನ್‌ನಂತೆ ಎಲ್ಲೆಂದರಲ್ಲಿ ಗುಡಾರ ಹೊಡೆಯುವ ಹಕ್ಕು ಇಲ್ಲಿಲ್ಲ ಎಂಬುದೂ ನೆನಪಿರಲಿ. ಗೊತ್ತುಮಾಡಿದ ಜಾಗದಲ್ಲಿ ಮಾತ್ರ.

ರಾತ್ರಿ ಅಂದೆನಲ್ಲ, ರಾತ್ರಿ ಎಂಬುದು ಸರಿಯಾಗಿ ಬರಲೇ ಇಲ್ಲ. ಹತ್ತು ದಾಟಿದ ಮೇಲೆ ಸೂರ್ಯ ಮುಳುಗಿದ. ಆಮೇಲೂ ಉತ್ತರದ ಅಂಚಿನಲ್ಲಿ ಒಂದು ತಿಳಿಬೆಳಕು ಬೆಳಗಿನವರೆಗೂ ಆರಲಿಲ್ಲ. ಬೆಳಗಿನ ಜಾವ ಮೂರಕ್ಕೇ ಹಕ್ಕಿಗಳ ಗದ್ದಲ. ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ತನ್ನಿ. ನಾನು ಪಂಚೆಯ ತುದಿಯನ್ನೇ ಮುಖಕ್ಕೆ ಸುತ್ತಿಕೊಂಡೆ.

ಮಾರನೆಯ ದಿನ ಪೂರ್ತಿ ಫೂರಿನ ಉತ್ತರ ದಂಡೆಯಲ್ಲಿ ಕಳೆದೆ. ಅಲ್ಲಿನ ದರೆಗಳನ್ನು ನೋಡಲೆಂದೇ ನಾನು ಈ ಜಾಗ ಆರಿಸಿದ್ದು. ನಸುಹಳದಿ, ಬಿಳಿ ಮಣ್ಣಿನ ದರೆ. ಅದರೊಳಗೆ ಕಾಡಿಗೆಯಲ್ಲಿ ಗೆರೆ ಎಳೆದಂತೆ ಕಪ್ಪು ಪಟ್ಟಿಗಳು. ಮಣ್ಣಿನ ಹೆಸರು ಮೊಲೇರ್. ಮುಟ್ಟಿದರೆ ಆಶ್ಚರ್ಯ, ಕಲ್ಲಿನಂತೆ ಕಾಣುವ ತುಂಡು ಬ್ರೆಡ್ಡಿನಷ್ಟು ಹಗುರ. ಸುಮಾರು 5.5 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು. ಅದರಲ್ಲಿ ತೇಲುತ್ತಿದ್ದ ಡಯಾಟಮ್ ಎಂಬ, ಕಣ್ಣಿಗೆ ಕಾಣದ ಪಾಚಿಗಳ ಗಾಜಿನಂಥ ಚಿಪ್ಪುಗಳು ತಳಕ್ಕೆ ಬಿದ್ದು, ಜೇಡಿಯ ಜೊತೆ ಸೇರಿ ಈ ಮಣ್ಣಾಯಿತು. ಕಪ್ಪು ಪಟ್ಟಿಗಳು ಜ್ವಾಲಾಮುಖಿಯ ಬೂದಿ. ಗ್ರೀನ್‌ಲ್ಯಾಂಡ್ ಮತ್ತು ಯುರೋಪ್ ಒಂದರಿಂದೊಂದು ಸರಿದು ಉತ್ತರ ಅಟ್ಲಾಂಟಿಕ್ ಬಾಯಿ ಬಿಡುತ್ತಿದ್ದ ಕಾಲ ಅದು. ಒಂದೊಂದು ಸ್ಫೋಟಕ್ಕೆ ಒಂದೊಂದು ಪಟ್ಟಿ, ಒಟ್ಟು 180ರ ಸುಮಾರಿಗೆ. ಭೂವಿಜ್ಞಾನಿಗಳು ಒಂದೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ನಾನು ಒಂದು ಕಡೆ ನಿಂತು ಎಣಿಸಲು ಹೋಗಿ ಮೂವತ್ತರ ಹತ್ತಿರ ಲೆಕ್ಕ ತಪ್ಪಿದೆ. ಪಟ್ಟಿಗಳು ನೆಟ್ಟಗೂ ಇಲ್ಲ. ಹಿಮಯುಗದಲ್ಲಿ ನೀರ್ಗಲ್ಲ ರಾಶಿ ಒತ್ತಿಕೊಂಡು ಬಂದು ಇವನ್ನು ಚಾಪೆ ಮುದುರಿದ ಹಾಗೆ ಮುದುರಿಟ್ಟಿದೆ. ಕೆಲವು ಕಡೆ ಪದರಗಳು ತಲೆಕೆಳಗಾಗಿ ನಿಂತಿವೆ.

ಈ ಮಣ್ಣನ್ನು ಈಗಲೂ ಅಗೆಯುತ್ತಾರೆ. ಶಾಖ ತಡೆಯುವ ಇಟ್ಟಿಗೆ ಮಾಡುತ್ತಾರೆ. ನೀರು ಹೀರುವ ಗುಣ ಇರುವುದರಿಂದ ಬೆಕ್ಕಿನ ಕಕ್ಕಸಿನ ಹರಳೂ ಆಗುತ್ತದೆ. ಐದೂವರೆ ಕೋಟಿ ವರ್ಷ ಕಾದಿದ್ದು ಇದಕ್ಕೇನಾ ಅನಿಸಿತು.

ಅಗೆದ ಹೊಂಡದಲ್ಲಿ ಪಳೆಯುಳಿಕೆ ಹುಡುಕಬಹುದು. ಸುತ್ತಿಗೆ, ಉಳಿ, ಕಣ್ಣಿಗೆ ಕನ್ನಡಕ ಬೇಕು. ದರೆಯ ಬುಡದಲ್ಲಿ ಮಾತ್ರ ಕೂರಬೇಡಿ, ಮಣ್ಣು ಜಾರುತ್ತದೆ. ನಾನು ಎರಡು ಗಂಟೆ ಕಲ್ಲು ಸೀಳಿದೆ. ಸಿಕ್ಕಿದ್ದು ಒಂದಿಷ್ಟು ಮೀನಿನ ಪೊರೆಯ ಗುರುತು, ಒಂದು ಮುಳ್ಳು. ಪಕ್ಕದ ಆರೇಳು ವರ್ಷದ ಹುಡುಗಿ ಹತ್ತೇ ನಿಮಿಷದಲ್ಲಿ ತಲೆ ಬಾಲ ಎರಡೂ ಇರುವ ಮೀನು ತೆಗೆದು ಕುಣಿದಳು. ಅವಳಪ್ಪ ಮ್ಯೂಸಿಯಮ್ಮಿಗೆ ತೋರಿಸಲು ಓಡಿದ. ಇಲ್ಲಿ ದಾನೆಕ್ರೆ ಎಂಬ ಕಾನೂನಿದೆ. ಅಪರೂಪದ ಪಳೆಯುಳಿಕೆ ಯಾರಿಗೆ ಸಿಕ್ಕರೂ ಅದು ದೇಶದ ಆಸ್ತಿ, ಒಪ್ಪಿಸಬೇಕು, ಒಪ್ಪಿಸಿದವರಿಗೆ ದುಡ್ಡು ಕೊಡುತ್ತಾರೆ. ಸಾಮಾನ್ಯದ್ದಾದರೆ ಮನೆಗೆ ಒಯ್ಯಬಹುದು. ಫೂರಿನ ಮ್ಯೂಸಿಯಮ್ಮಿನಲ್ಲಿ ಆಮೆ, ಹಕ್ಕಿ, ಕೀಟಗಳವರೆಗೂ ಇವೆ. ನನ್ನ ಮುಳ್ಳನ್ನು ಯಾರಿಗೂ ತೋರಿಸಲಿಲ್ಲ.

ಆ ಸಂಜೆ ಕಾಲು ತೊಳೆಯುವಾಗ ಮೊಣಕಾಲ ಹಿಂದೆ ಒಂದು ಉಣುಗು ಕಂಡಿತು. ಎದೆ ಧಸಕ್ಕೆಂದಿತು. ನಮ್ಮ ಜಿಲ್ಲೆಯಲ್ಲಿ ಉಣುಗು ಅಂದರೆ ಮಂಗನ ಕಾಯಿಲೆ ನೆನಪಾಗದವರಿಲ್ಲ. ಇಲ್ಲಿನ ಉಣುಗು ತರುವುದು ಬೇರೆ, ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ. ಬೇಗ ಕಿತ್ತರೆ ಅಪಾಯ ಕಡಿಮೆ. ಔಷಧಿ ಅಂಗಡಿಯಲ್ಲಿ ಸಿಗುವ ಪುಟ್ಟ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ಎಳೆದೆ. ಆಮೇಲೆ ಕೆಲವು ವಾರ ಆ ಜಾಗದಲ್ಲಿ ಕೆಂಪು ಉಂಗುರ ಹರಡುತ್ತದೆಯೇ ಎಂದು ನೋಡುತ್ತಿರಬೇಕು, ಹರಡಿದರೆ ಡಾಕ್ಟರ್. ನನಗೆ ಏನೂ ಆಗಲಿಲ್ಲ. ಮಾರನೆಯ ದಿನದಿಂದ ಎತ್ತರದ ಹುಲ್ಲಿಗೆ ಇಳಿಯುವಾಗ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿದೆ. ನೋಡಲು ಚೆನ್ನಾಗಿಲ್ಲ, ನೋಡುವವರೂ ಇರಲಿಲ್ಲ.

ಮೂರನೆಯ ದಿನ ಫೂರ್ ಬಿಟ್ಟು, 1978ರಲ್ಲಿ ಕಟ್ಟಿದ ಸಾಲಿಂಗ್‌ಸುಂಡ್ ಸೇತುವೆ ದಾಟಿ ಮೋರ್ಸ್ ಎಂಬ ದೊಡ್ಡ ದ್ವೀಪಕ್ಕೆ ಬಂದೆ. ಸೇತುವೆಯ ಮೇಲೆ ಪಶ್ಚಿಮದ ಗಾಳಿ ಸೈಕಲ್ಲನ್ನು ಅಡ್ಡಕ್ಕೆ ತಳ್ಳುತ್ತಿತ್ತು, ನಡುವಿನಲ್ಲಿ ಇಳಿದು ತಳ್ಳಿಕೊಂಡು ಹೋದೆ. ಸಂಜೆ ದ್ವೀಪದ ಉತ್ತರಕ್ಕೆ, ನೀರಿಗೆ ತೀರಾ ಹತ್ತಿರ ಒಂದು ಶೆಲ್ಟರ್ ಸಿಕ್ಕಿತು. ಈ ಸಲ ಖಾಲಿ.

ಈಗ ನನ್ನ ಜಾಣತನದ ಕಥೆ. ನಮ್ಮೂರಲ್ಲಿ ನೀರು ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆಗೆ ಜಾಸ್ತಿ, ಅಷ್ಟಮಿಗೆ ಕಡಿಮೆ. ಬಳಚು ಚಿಪ್ಪು ಹೆಕ್ಕುವ ಹೆಂಗಸರು ಗಡಿಯಾರವಿಲ್ಲದೆ ಹೊತ್ತು ಹೇಳುತ್ತಾರೆ. ಲಿಮ್‌ಫಿಯೋರ್ಡಿನ ಒಳಗೆ ಉಬ್ಬರ ಇಳಿತ ಒಂದು ಗೇಣಿನಷ್ಟೂ ಇಲ್ಲ ಎಂದು ಓದಿಕೊಂಡಿದ್ದೆ. ಎರಡು ದಿನ ಫೂರಿನಲ್ಲಿ ನೋಡಿಯೂ ಇದ್ದೆ. ಹಾಗಾಗಿ ಧೈರ್ಯವಾಗಿ, ನೀರಿನಂಚಿನಿಂದ ನಾಲ್ಕು ಹೆಜ್ಜೆ ಮೇಲೆ, ಒಂದು ಕಲ್ಲಿನ ಮರೆಯಲ್ಲಿ ಚೀಲ ಮತ್ತು ಶೂ ಇಟ್ಟು, ಮಲಗಲು ಹೋದೆ. ಬೆಳಗ್ಗೆ ಎದ್ದರೆ ಕಲ್ಲೇ ನೀರಿನಲ್ಲಿ. ಚೀಲ ಅರ್ಧ ಮುಳುಗಿ, ಒಂದು ಶೂ ಹತ್ತು ಮಾರು ಆಚೆ ಪಾಚಿಯ ಜೊತೆ ತೇಲುತ್ತಿತ್ತು.

ಅದನ್ನು ಹಿಡಿಯಲು ಬರಿಗಾಲಲ್ಲಿ ಇಳಿದೆ. ಅಂಗಾಲಿಗೆ ಚಿಪ್ಪು ಕೊಯ್ದಿತು. ಪೆಸಿಫಿಕ್ ಸಿಂಪಿ ಎಂಬ ಹೊರಗಿನಿಂದ ಬಂದ ತಳಿ ಇಲ್ಲಿ ಹರಡಿದೆ, ಅದರ ಅಂಚು ಕತ್ತಿಯಂತೆ. ನೀರಿಗೆ ಇಳಿಯಲು ಹಳೆಯ ಶೂ ಬೇರೆಯೇ ತರಬೇಕಿತ್ತು.

ಹತ್ತಿರದ ಮರದ ದಕ್ಕೆಯಲ್ಲಿ ಒಬ್ಬ ಅಜ್ಜ ಮೊಮ್ಮಕ್ಕಳ ಜೊತೆ ಏಡಿ ಹಿಡಿಯುತ್ತಿದ್ದ. ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ದಾರ ಕಟ್ಟಿ, ನೀಲಿ ಚಿಪ್ಪಿನ ಮಾಂಸ ಸಿಕ್ಕಿಸಿ ಇಳಿಬಿಡುವುದು. ಏಡಿ ಕಚ್ಚಿಕೊಂಡು ಮೇಲೆ ಬರುತ್ತದೆ, ಬಕೆಟ್ಟಿಗೆ ಬೀಳುತ್ತದೆ, ಕೊನೆಗೆ ಎಲ್ಲವನ್ನೂ ವಾಪಸ್ ಬಿಡುತ್ತಾರೆ. ಸಾರು ಮಾಡುವುದಿಲ್ಲ! ನನ್ನ ಒದ್ದೆ ಚೀಲ ನೋಡಿ ಅಜ್ಜ ನಕ್ಕು, ಪಶ್ಚಿಮಕ್ಕೆ ಬೆರಳು ತೋರಿಸಿದ. ಗಾಳಿ ಪಶ್ಚಿಮದಿಂದ ಜೋರಾಗಿ ಬೀಸಿದರೆ ಉತ್ತರ ಸಮುದ್ರದ ನೀರನ್ನು ಪಶ್ಚಿಮ ತುದಿಯ ತ್ಯುಬೊರಾನ್ ಬಾಯಿಯಿಂದ ಒಳಗೆ ತುರುಕುತ್ತದೆ. ಫಿಯೋರ್ಡ್ ಏರುತ್ತದೆ. ಪೂರ್ವದಿಂದ ಬೀಸಿದರೆ ಖಾಲಿಯಾಗುತ್ತದೆ. ಚಂದ್ರನಿಗೆ ಇಲ್ಲಿ ಕೆಲಸವೇ ಇಲ್ಲ.

ಆ ಬಾಯಿಯೂ ಗಾಳಿಯದೇ ಕೆಲಸ. ಮೊದಲು ಪಶ್ಚಿಮದ ತುದಿಯಲ್ಲಿ ಮರಳಿನ ದಿಬ್ಬ ಮುಚ್ಚಿಕೊಂಡಿತ್ತು, ಒಳಗೆ ಹೆಚ್ಚುಕಡಿಮೆ ಸಿಹಿನೀರು. 1825ರ ಫೆಬ್ರವರಿಯ ಬಿರುಗಾಳಿಯಲ್ಲಿ ಸಮುದ್ರ ಆ ದಿಬ್ಬವನ್ನು ಒಡೆಯಿತು (ಈಗಿನ ತ್ಯುಬೊರಾನ್ ಬಾಯಿ ತೆರೆದದ್ದು 1862ರ ಇನ್ನೊಂದು ಬಿರುಗಾಳಿಗೆ). ಸಿಹಿನೀರ ಮೀನು ಸತ್ತವು, ಬದುಕು ಕೆಟ್ಟ ಮೀನುಗಾರರು ಎಷ್ಟೋ. ಆಮೇಲೆ ಸಿಂಪಿ ಬಂತು. ಈಗ ಲಿಮ್‌ಫಿಯೋರ್ಡಿನ ಸಿಂಪಿಗೆ ಯುರೋಪಿನ ದೊಡ್ಡ ಹೋಟೆಲುಗಳಲ್ಲಿ ಹೆಸರಿದೆ. ನಾನೂ ಹೆಕ್ಕೋಣವೇ ಎಂದು ಕೇಳಿದೆ. ಬೇಸಿಗೆ ಬೇಡ, ಚಳಿಗೆ ಬಾ ಎಂದ ಅಜ್ಜ. ಬಿಸಿಲ ಕಾಲದಲ್ಲಿ ವಿಷಪಾಚಿಯ ಭಯ.

ಪಾಚಿ ನೋಡಿ ನನಗೂ ಅನುಮಾನವಿತ್ತು. ದಡದಲ್ಲಿ ಹಸಿರು ಲೋಳೆ, ಕೊಳೆತ ಮೊಟ್ಟೆಯ ವಾಸನೆ. ಡೆನ್ಮಾರ್ಕಿನ ನೆಲದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಲ. ಗೊಬ್ಬರದ ಸಾರಜನಕ ತೊಳೆದುಕೊಂಡು ಬಂದು ಫಿಯೋರ್ಡಿಗೆ ಸೇರುತ್ತದೆ, ಪಾಚಿ ಬೆಳೆಯುತ್ತದೆ, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ಬಿಸಿಲು ಜೋರಾಗಿ, ಗಾಳಿ ನಿಂತ ವಾರಗಳಲ್ಲಿ ತಳದ ಜೀವಗಳು ಉಸಿರುಗಟ್ಟಿ ಸಾಯುತ್ತವೆ. ಇದಕ್ಕೆ ಡೇನರ ಬಾಯಲ್ಲಿ ದಿನನಿತ್ಯದ ಪದವೇ ಇದೆ, ಇಲ್ಟ್‌ಸ್ವಿನ್. 2024ರ ಏಪ್ರಿಲ್‌ನಲ್ಲಿ ದಕ್ಷಿಣದ ವೈಲೆ ಫಿಯೋರ್ಡಿಗೆ ಜನ ಸೇರಿ ಶವಸಂಸ್ಕಾರವನ್ನೇ ಮಾಡಿದ್ದರು. ಪ್ರವಾಸದ ಫೋಟೊಗಳಲ್ಲಿ ಈ ವಾಸನೆ ಬರುವುದಿಲ್ಲ. ಮೂರು ದಿನ ನಾನು ಬೈದುಕೊಂಡ ಗಾಳಿಯೇ ಈ ನೀರನ್ನು ಕಲಕಿ ಉಸಿರು ಕೊಡುವುದು ಎಂದು ತಿಳಿದ ಮೇಲೆ ಬೈಗುಳ ಸ್ವಲ್ಪ ಕಡಿಮೆ ಮಾಡಿದೆ.

ಚೀಲ ಬೇಲಿಗೆ ಹಾಕಿ, ಒದ್ದೆ ಶೂನಲ್ಲೇ ಹಾನ್‌ಕ್ಲಿಟ್ ದರೆ ಹತ್ತಿದೆ. ಅರವತ್ತು ಮೀಟರಿನಷ್ಟು ಎತ್ತರ, ಫೂರಿನಲ್ಲಿ ನೋಡಿದ ಅದೇ ಬೂದಿಯ ಗೆರೆಗಳು. ಮೇಲೆ ಕೂತು ಮಧ್ಯಾಹ್ನ ಕಳೆದೆ. ಕಪ್ಪು ರೈ ಬ್ರೆಡ್, ಹೊಗೆಯಾಡಿಸಿದ ಬಂಗುಡೆ.

ಅಂದು ಜೂನ್ 23, ಸಾಂಕ್ಟ್ ಹಾನ್ಸ್ ಸಂಜೆ. ದೇಶದ ತುಂಬ ನೀರಿನ ದಡಗಳಲ್ಲಿ ಬೆಂಕಿ ಹಾಕುತ್ತಾರೆ, ಮೇಲೆ ಹಳೆ ಬಟ್ಟೆ ತೊಡಿಸಿದ ಮಾಟಗಾತಿಯ ಬೊಂಬೆ. ನಮ್ಮ ಕಾಮದಹನದ ಹಾಗೇ, ಹಾಡು ಮಾತ್ರ ತೀರಾ ಸಭ್ಯ. ಬೆಂಕಿ ಹೊತ್ತಿಸಿದಾಗ ಸೂರ್ಯ ಇನ್ನೂ ಮೇಲಿದ್ದ, ಹಾಗಾಗಿ ಬೆಂಕಿಗಿಂತ ಹೊಗೆಯೇ ಜಾಸ್ತಿ ಕಂಡಿತು. ಹೊಗೆ ಮೊದಲು ನೆಲದ ಕಡೆ ಬಂತು. ಕಣ್ಣೊರೆಸಿಕೊಳ್ಳುತ್ತಾ ಜನ ಆಚೀಚೆ ಸರಿದರು. ಹತ್ತರ ಹೊತ್ತಿಗೆ ನೆಟ್ಟಗೆ ಮೇಲೆದ್ದಿತು. ಹೊರಡುವಷ್ಟರಲ್ಲಿ ಮೆಲ್ಲಗೆ ಪಶ್ಚಿಮಕ್ಕೆ ವಾಲಿತ್ತು. ಏಡಿಯ ಅಜ್ಜ ಅಲ್ಲೂ ಇದ್ದ. ಹೊಗೆ ತೋರಿಸಿ, ನಾಳೆ ನೋಡು ಎಂದ.

ಬೆಳಗ್ಗೆ ಐದಕ್ಕೆ ಎದ್ದು ದಡಕ್ಕೆ ಹೋದೆ. ನೀರು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿತ್ತು. ಚೀಲ ಇಟ್ಟಿದ್ದ ಕಲ್ಲು ಒಣಗಿ ನಿಂತಿತ್ತು. ಹೊಳೆಯುವ ಕೆಸರು, ಚಿಪ್ಪಿನ ದಿಬ್ಬ, ಅದರ ಮೇಲೆ ಕೆಂಪು ಕೊಕ್ಕಿನ ಆಯಿಸ್ಟರ್‌ಕ್ಯಾಚರ್ ಎಂಬ ಹಕ್ಕಿಗಳು ಓಡಾಡುತ್ತಾ ಚುಚ್ಚಿ ಚುಚ್ಚಿ ತಿನ್ನುತ್ತಿದ್ದವು. ವಾಸನೆ ಥೇಟ್ ನಮ್ಮೂರಿನ ಇಳಿತದ್ದು. ಅಮ್ಮನಿಗೆ ವಿಡಿಯೊ ಕಳಿಸಿದೆ. "ಇವತ್ತು ಯಾವ ತಿಥಿ?" ಎಂದು ಕೇಳಿದಳು. ಗಾಳಿ ತಿಥಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಫೋನಿನಲ್ಲಿ ಹೇಳುತ್ತೇನೆ ಅಂದೆ.

ಸ್ಕೀವಕ್ಕೆ ವಾಪಸ್ ಹೋಗುವ ದಾರಿ ಪೂರ್ವಕ್ಕೆ. ಗಾಳಿ ಮತ್ತೆ ಎದುರಿಗೇ. ಚೀಲ ಇನ್ನೂ ಒದ್ದೆ.