ಜನತಾ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದ ನನ್ನ ಅನುಭವ

ಇಂಗ್ಲಿಷ್ ಕೈಪಿಡಿಗಳು ‘ರೀಅಸೆಂಬಲ್’ ಎಂಬ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ: ಬಿಚ್ಚಿದ ಕ್ರಮಕ್ಕೆ ಉಲ್ಟಾ ಜೋಡಿಸಿ. ಎಚ್‌ಎಂಟಿ ಜನತಾ ಎಂಬ ಕೀ ಕೊಡುವ ಕೈಗಡಿಯಾರದ ಮಟ್ಟಿಗೆ ಇಷ್ಟು ಸಾಲದು. ಅತ್ತಿತ್ತ ತೂಗುತ್ತ ವೇಗ ಹಿಡಿದಿಡುವ ಚಕ್ರವಾದ ಬ್ಯಾಲೆನ್ಸ್ ಮೊದಲು ಬಿಚ್ಚುವಂಥದ್ದು, ಹಾಗಾಗಿ ಕೊನೆಗೇ ಕೂರಿಸಬೇಕು ಎಂಬುದು ಎಲ್ಲರ ವಾದ. ನಾನು ಖಾಲಿ ಪ್ಲೇಟಿಗೆ ಮೊದಲು ಬ್ಯಾಲೆನ್ಸನ್ನೇ ಕೂರಿಸಿ ನೋಡುತ್ತೇನೆ ಎಂದಾಗ ಚಿಕ್ಕಪೇಟೆಯ ಹಿರಿಯ ರಿಪೇರಿಯವರೊಬ್ಬರು, “ಹೇರ್‌ಸ್ಪ್ರಿಂಗ್ ಕೆಡಿಸಿಕೊಳ್ಳುತ್ತೀರಿ ಸ್ವಾಮಿ” ಎಂದು ತಲೆಯಾಡಿಸಿದ್ದರು. ಬ್ಯಾಲೆನ್ಸನ್ನು ತೂಗಿಸುವ ಕೂದಲೆಳೆಯಂಥ ಸುರುಳಿ ಅದು.

ಗಡಿಯಾರ ಸಿಕ್ಕಿದ್ದು ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ, ಸುಮಾರು 400 ರೂಪಾಯಿಗೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಶುರುಮಾಡಿದ ಎಚ್‌ಎಂಟಿಯ ಹಳೆಯ ಗಡಿಯಾರ ಕಾರ್ಖಾನೆಗಳು ಮುಚ್ಚಿವೆ. ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ಜನತಾ ಕೊಳ್ಳಬೇಕು. ಎರಡು ಕೊಂಡೆ. ಒಂದರ ಮೇನ್‌ಸ್ಪ್ರಿಂಗ್, ಅಂದರೆ ಕೀ ಕೊಟ್ಟಾಗ ಬಿಗಿಯುವ ಸ್ಪ್ರಿಂಗ್, ಮುರಿದಿತ್ತು, ಮತ್ತೊಂದಕ್ಕೆ ತುಕ್ಕು. ಒಳ್ಳೆಯ ಎಣ್ಣೆಯ ಪುಟ್ಟ ಶೀಶೆಗೇ ಎರಡು ಸಾವಿರದ ಹತ್ತಿರ ಹೋಯಿತು. ಒಟ್ಟು ನಾಲ್ಕು ಸಾವಿರ ದಾಟಿತು. ಅಷ್ಟು ದುಡ್ಡಿಗೆ ಓಡುವ ಜನತಾವನ್ನೇ ಕೊಳ್ಳಬಹುದಿತ್ತು ಎಂದು ಮನೆಯಲ್ಲಿ ಲೆಕ್ಕ ಹೇಳಿದರು.

ಮೊದಲ ಜೋಡಣೆಗಳು ಕೀ ಕೊಟ್ಟರೆ ಒಂದು ಗಂಟೆ ನಡೆದು ನಿಂತವು. ಎಲ್ಲವೂ ಕೂತ ಮೇಲೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಅಸಾಧ್ಯ. ಅದಕ್ಕೇ ಕ್ರಮ ಬದಲಿಸಿದೆ. ತೊಳೆದ ಬರಿಯ ಪ್ಲೇಟಿಗೆ ಬ್ಯಾಲೆನ್ಸ್ ಮಾತ್ರ ಕೂರಿಸಿ, ಊದುಬುರುಡೆಯಿಂದ ಮೆಲ್ಲಗೆ ಗಾಳಿ ಬಿಟ್ಟು, ಡಯಲ್ ಬದಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ನೋಡಿದೆ. ಒಂದು ಬದಿಯಲ್ಲಿ ಬೇಗ ಸೋತಿತು. ಬ್ಯಾಲೆನ್ಸಿನ ಅಚ್ಚನ್ನು ಪೆಟ್ಟಿನಿಂದ ಕಾಯುವ ಪಾರಾಶಾಕ್ ಕಲ್ಲಿನಡಿ ಹಳೆಯ ಎಣ್ಣೆ ಅಂಟಾಗಿ ಕುಳಿತಿತ್ತು. ಅದನ್ನು ತೆಗೆದ ಮೇಲೆ ಎರಡೂ ಬದಿಯಲ್ಲಿ ಒಂದೇ ರೀತಿ ತೂಗಿತು. ಆಮೇಲೆ ಬ್ಯಾಲೆನ್ಸ್ ತೆಗೆದಿಟ್ಟು ಚಕ್ರಗಳನ್ನು ಕೂರಿಸಿ, ಚಕ್ರಗಳನ್ನು ತಡೆತಡೆದು ಬಿಡುವ ಕವೆಯಾದ ಪ್ಯಾಲೆಟ್ ಇಲ್ಲದೆಯೇ, ಮೇನ್‌ಸ್ಪ್ರಿಂಗ್ ಇರುವ ಡಬ್ಬಿಯಾದ ಬ್ಯಾರೆಲ್‌ಗೆ ಒಂದೆರಡು ಹಲ್ಲು ಕೀ ಕೊಟ್ಟೆ. ಚಕ್ರಗಳು ಸರ್ರನೆ ಓಡಿ, ನಿಲ್ಲುವಾಗ ಚೂರು ಹಿಂದಕ್ಕೆ ತಿರುಗಿದರೆ ಮುಂದುವರಿಯಬಹುದು. ಹಾಗೆ ತಿರುಗುವವರೆಗೂ ಪ್ಯಾಲೆಟ್ ಮುಟ್ಟಲಿಲ್ಲ.

ನಡುವೆ ತೊಳೆಯುವ ಪ್ರಯೋಗವೂ ನಡೆಯಿತು. ಸೀಮೆಎಣ್ಣೆ ತನ್ನದೇ ಜಿಡ್ಡು ಉಳಿಸುತ್ತದೆ. ಸ್ಪಿರಿಟ್ ಚೆನ್ನಾಗಿ ತೊಳೆಯುತ್ತದೆ, ಆದರೆ ಪ್ಯಾಲೆಟ್ ಕಲ್ಲುಗಳನ್ನು ಹಿಡಿದಿರುವ ಅರಗನ್ನೂ ಕರಗಿಸುತ್ತದೆ. ಬಿಡಿಭಾಗಕ್ಕೆಂದು ಕೊಂಡ ದಾನಿ ಗಡಿಯಾರದ ಒಂದು ಕಲ್ಲು ಹಾಗೆಯೇ ಸಡಿಲವಾಯಿತು. ಈಗ ಬಳಸುವ ಮಿಶ್ರಣವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಗಂಟೆಗೆ 18,000 ಬಡಿತದ ಈ ಯಂತ್ರ ಈಗ ಒಮ್ಮೆ ಕೀ ಕೊಟ್ಟರೆ ಒಂದೂವರೆ ದಿನ ಓಡುತ್ತದೆ, ದಿನಕ್ಕೆ ಇಪ್ಪತ್ತು ಸೆಕೆಂಡಿನಷ್ಟು ಮುಂದೆ. ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ಇದು ಹೆಮ್ಮೆಯ ಲೆಕ್ಕವೇ. ಚಿಕ್ಕಪೇಟೆಯ ಹಿರಿಯರು ಕಿವಿಗಿಟ್ಟು ಬಹಳ ಹೊತ್ತು ಕೇಳಿ, ತಮ್ಮ ಡಬ್ಬಿಯಿಂದ ನಿಂತುಹೋದ ಎಚ್‌ಎಂಟಿ ಪೈಲಟ್ ಗಡಿಯಾರ ಒಂದನ್ನು ತೆಗೆದುಕೊಟ್ಟರು. ಅದರ ಬ್ಯಾಲೆನ್ಸ್ ಸ್ಟಾಫ್, ಅಂದರೆ ಬ್ಯಾಲೆನ್ಸಿನ ಅಚ್ಚು, ಮುರಿದಿದೆ. ಐನೂರರೊಳಗೆ ದಾನಿ ಸಿಕ್ಕರೆ ಕೊಳ್ಳುತ್ತೇನೆ.