ತೂಕದ ಆಪರೇಷನ್ ಎರಡನೇ ಸಲ: ಸರ್ಜನ್ ಮತ್ತು ವಿಧಾನ ಆರಿಸುವ ಬಗೆ

ತೂಕ ಇಳಿಸಲು ಸ್ಲೀವ್ (ಜಠರ ಕತ್ತರಿಸಿ ಕೊಳವೆಯಂತೆ ಕಿರಿದು ಮಾಡುವುದು), ಬೈಪಾಸ್ (ಜಠರದ ಸಣ್ಣ ಚೀಲವನ್ನು ಮುಂದಿನ ಕರುಳಿಗೆ ಜೋಡಿಸುವುದು) ಅಥವಾ ಬ್ಯಾಂಡ್ (ಜಠರದ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುವುದು) ಮಾಡಿಸಿಕೊಂಡ ಕೆಲವರಿಗೆ ಕೆಲ ವರ್ಷಗಳ ಮೇಲೆ ಇನ್ನೊಂದು ಆಪರೇಷನ್ ಮಾತು ಬರುತ್ತದೆ. ತೂಕ ಮರಳಿರುತ್ತದೆ, ಇಲ್ಲವೇ ಎದೆಯುರಿ ರಾತ್ರಿ ನಿದ್ದೆ ಕೆಡಿಸುತ್ತಿರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬೆಂಗಳೂರಿಗೋ ಹೈದರಾಬಾದಿಗೋ ಹುಬ್ಬಳ್ಳಿಗೋ ಹೊರಡುವ ಮುಂಚೆ ಒಂದು ಮಾತು ತಿಳಿದಿರಲಿ. ಮೊದಲನೆಯ ಆಪರೇಷನ್ ಯಾಕೆ ಕೈಕೊಟ್ಟಿತು ಎಂದು ಗೊತ್ತಾಗದೆ ಎರಡನೆಯದನ್ನು ಆರಿಸಲು ಬರುವುದಿಲ್ಲ. ಹಳೆಯ ಫೈಲ್ ತೆರೆಯದೆ ‘ಬೈಪಾಸ್ ಮಾಡಿಬಿಡೋಣ’ ಎಂದು ದಿನಾಂಕ ಕೊಡುವವರ ಬಳಿ ಮುಂಗಡ ಕಟ್ಟಬೇಡಿ.

ಮೊದಲ ಕೆಲಸ ಕಾಗದಪತ್ರ. ಡಿಸ್ಚಾರ್ಜ್ ಸಮರಿ ಸಾಲದು, ಆಪರೇಷನ್ ನೋಟ್ ಬೇಕು. ಸ್ಲೀವ್ ಆಗಿದ್ದರೆ ಯಾವ ಅಳತೆಯ ನಳಿಗೆ ಇಟ್ಟು ಸ್ಟೇಪಲ್ ಹಾಕಿದರು, ಬೈಪಾಸ್ ಆಗಿದ್ದರೆ ಕರುಳಿನ ಯಾವ ಭಾಗ ಎಷ್ಟು ಸೆಂಟಿಮೀಟರ್ ಬಿಟ್ಟರು ಎಂಬುದು ಅದರಲ್ಲೇ ಇರುತ್ತದೆ. 2002ರ ವೈದ್ಯಕೀಯ ನೀತಿ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 3 ವರ್ಷ ದಾಟಿದ್ದರೆ ಸಿಗುವ ಖಾತ್ರಿ ಇಲ್ಲ, ಆದ್ದರಿಂದ ಇವತ್ತೇ ಲಿಖಿತ ಅರ್ಜಿ ಕೊಡಿ. ಜೊತೆಗೆ ಒಂದು ಹಾಳೆಯಲ್ಲಿ ತೂಕದ ಚರಿತ್ರೆ ಬರೆಯಿರಿ: ಆಪರೇಷನ್ ದಿನದ ತೂಕ, ಅತಿ ಕಡಿಮೆ ಮುಟ್ಟಿದ ತೂಕ, ಅದು ಯಾವ ತಿಂಗಳು, ಈಗಿನ ತೂಕ. ತೂಕ ಇಳಿಯಲೇ ಇಲ್ಲ ಎನ್ನುವುದು ಬೇರೆ, ಇಳಿದು ಏರಿತು ಎನ್ನುವುದು ಬೇರೆ. ಎರಡು ವರ್ಷದ ಮೇಲೆ ನಾಲ್ಕೈದು ಕೆಜಿ ಬಂದರೆ ಅದು ಸಹಜ, ಅದಕ್ಕೆ ಚಾಕು ಬೇಡ.

ಇನ್ನು ಪರೀಕ್ಷೆ. ಎಂಡೋಸ್ಕೋಪಿ ಮತ್ತು ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಎರಡೂ ಬೇಕು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು, ಅನ್ನನಾಳದ ಸುಟ್ಟ ಗಾಯ, ಜಠರ ಎದೆಗೂಡಿಗೆ ಜಾರಿದ ಹರ್ನಿಯಾ ತಿಳಿಯುತ್ತವೆ. ಬೇರಿಯಂನಲ್ಲಿ ಸ್ಲೀವ್ ನಡುವೆ ತಿರುಚಿದೆಯೋ, ಮೇಲ್ಭಾಗದಲ್ಲಿ ಚೀಲ ಉಳಿದಿದೆಯೋ ಗೊತ್ತಾಗುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ಸಂಗ್ರಹ), ಬಿ12, ಡಿ ವಿಟಮಿನ್, ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದ ಪ್ರೋಟೀನ್), ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ನೋಡಬೇಕು. ಆಲ್ಬುಮಿನ್ ಕಡಿಮೆ ಇದ್ದಾಗ ಹೊಲಿಗೆ ಕೂಡುವುದು ಕಷ್ಟ, ಮೊದಲು ಅದನ್ನು ಏರಿಸಿಯೇ ಮುಂದಿನ ಮಾತು.

ಊಟವನ್ನೂ ಪ್ರಾಮಾಣಿಕವಾಗಿ ಬರೆದುಕೊಂಡು ಹೋಗಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಸಕ್ಕರೆ ಚಹಾ ಸಣ್ಣ ಹೊಟ್ಟೆಯಲ್ಲೂ ಸಲೀಸಾಗಿ ಇಳಿಯುತ್ತವೆ. ಒಂದಿಷ್ಟು ರೊಟ್ಟಿ, ಮೊಟ್ಟೆ ತಿಂದರೆ ಮಾತ್ರ ಹೊಟ್ಟೆ ತುಂಬಿದಂತಾಗುತ್ತದೆ. ಜಠರದ ರಚನೆ ಸರಿಯಿದ್ದು ಕಾರಣ ಊಟದಲ್ಲೋ, ಸ್ಟೀರಾಯ್ಡ್ ಅಥವಾ ಮಾನಸಿಕ ಕಾಯಿಲೆಯ ಗುಳಿಗೆಯಲ್ಲೋ ಇದ್ದರೆ ಎರಡನೇ ಆಪರೇಷನ್ನೂ ಸೋಲುತ್ತದೆ. (ಆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.) ಇಂಥವರು ಔಷಧದ ದಾರಿಯನ್ನೂ ಮೊದಲು ಕೇಳಲಿ, 2025ರಲ್ಲಿ ಮೌಂಜಾರೋ, ವೆಗೋವಿ ಎಂಬ ತೂಕ ಇಳಿಸುವ ಇಂಜೆಕ್ಷನ್ ಎರಡೂ ಭಾರತದ ಮಾರುಕಟ್ಟೆಗೆ ಬಂದಿವೆ.

ವಿಧಾನದ ಆಯ್ಕೆ ಕಾರಣಕ್ಕೆ ತಕ್ಕಂತೆ. ಸ್ಲೀವ್ ಆಗಿ ಎದೆಯುರಿ ತೀವ್ರವಾಗಿದ್ದರೆ ರೂ-ಎನ್-ವೈ ಬೈಪಾಸ್ (ಕರುಳನ್ನು ವೈ ಆಕಾರದಲ್ಲಿ ಎರಡು ಕಡೆ ಜೋಡಿಸುವುದು) ಸರಿಯಾದ ದಾರಿ. ಅಂಥವರಿಗೆ ಮತ್ತೆ ಸ್ಲೀವ್ ಮಾಡಿದರೆ ಒಳಗಿನ ಒತ್ತಡ ಹೆಚ್ಚಿ ಉರಿ ಇನ್ನೂ ಕೆಡುತ್ತದೆ. ಮಿನಿ ಬೈಪಾಸ್‌ನಲ್ಲಿ (ಒಂದೇ ಕಡೆ ಜೋಡಿಸುವುದು) ಪಿತ್ತ ಮೇಲೇರುವ ಭಯ ಇದೆ. ಸ್ಲೀವ್ ಕಿರಿದಾಗಿದ್ದರೆ ಮೊದಲು ಎಂಡೋಸ್ಕೋಪಿಯಿಂದ ಬಲೂನ್ ಹಿಗ್ಗಿಸಿ ನೋಡುತ್ತಾರೆ. ಎದೆಯುರಿ ಇಲ್ಲದೆ ತೂಕ ಮಾತ್ರ ಮರಳಿದ್ದರೆ ಮಿನಿ ಬೈಪಾಸ್, ರೂ-ಎನ್-ವೈ, ಸಾಡಿ (ಸ್ಲೀವ್ ಉಳಿಸಿ ಕರುಳಿನ ಹೆಚ್ಚು ಭಾಗ ಬದಿಗಿಡುವುದು) ಮೂರೂ ಚರ್ಚೆಗೆ ಬರುತ್ತವೆ. ಬ್ಯಾಂಡ್ ಜಠರದೊಳಗೆ ಕೊರೆದಿದ್ದರೆ ಒಂದೇ ಸಲ ಎರಡೂ ಕೆಲಸ ಬೇಡ: ಬ್ಯಾಂಡ್ ತೆಗೆಸಿ, ಗೋಡೆ ಮಾಯಲು ಮೂರು ತಿಂಗಳಾದರೂ ಕೊಟ್ಟು ಮುಂದಿನದು. ಬೈಪಾಸ್ ಆದವರಲ್ಲಿ ಜಠರ-ಕರುಳಿನ ಜೋಡಣೆಯ ಬಾಯಿ ಅಗಲವಾಗಿದ್ದರೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದಲೇ ಹೊಲಿದು ಕಿರಿದು ಮಾಡಬಹುದು.

ಕರುಳನ್ನು ಹೆಚ್ಚು ಬದಿಗಿಟ್ಟಷ್ಟೂ ತೂಕ ಹೆಚ್ಚು ಇಳಿಯುತ್ತದೆ, ಪೋಷಕಾಂಶವೂ ಅಷ್ಟೇ ಸೋರುತ್ತದೆ. ಆದ್ದರಿಂದ ‘ಒಟ್ಟು ಸಣ್ಣ ಕರುಳನ್ನು ಅಳೆಯುತ್ತೀರಾ, ಆಹಾರ ಹೀರಲು ಎಷ್ಟು ಉಳಿಸುತ್ತೀರಿ’ ಎಂದು ಕೇಳಲೇಬೇಕು. ಸಾಡಿಯಂಥ ವಿಧಾನದ ನಂತರ ದಿನಕ್ಕೆ 80–90 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6–7 ಗ್ರಾಂ. ಮೊಟ್ಟೆಯನ್ನೂ ಮುಟ್ಟದ ಮನೆಯವರು ಈ ಲೆಕ್ಕವನ್ನು ಡಯಟಿಶಿಯನ್ ಎದುರು ಕೂತು ಪೂರ್ತಿ ಹಾಕಿ, ಆಗದೆನಿಸಿದರೆ ಸೌಮ್ಯವಾದ ವಿಧಾನಕ್ಕೇ ನಿಲ್ಲಲಿ. ಜೀವನಪೂರ್ತಿ ಗುಳಿಗೆ, ವರ್ಷಾವಧಿ ರಕ್ತಪರೀಕ್ಷೆ ತಪ್ಪಿಸದೆ ನಡೆಸಲು ಆಗುತ್ತದೆಯೇ ಎಂಬುದೂ ಆಯ್ಕೆಯ ಭಾಗವೇ.

ಸರ್ಜನ್‌ಗೆ ಕೇಳಬೇಕಾದದ್ದು ‘ಒಟ್ಟು ಎಷ್ಟು ಆಪರೇಷನ್ ಮಾಡಿದ್ದೀರಿ’ ಎಂದಲ್ಲ. ವರ್ಷಕ್ಕೆ ಎಷ್ಟು ರಿವಿಷನ್ (ಇಂಥ ಎರಡನೇ ಆಪರೇಷನ್), ಅದರಲ್ಲಿ ನನ್ನಂಥದ್ದು ಎಷ್ಟು, ಎಷ್ಟು ಮಂದಿಗೆ ಲೀಕ್ (ಹೊಲಿಗೆಯಲ್ಲಿ ಸೋರಿಕೆ) ಆಯಿತು, ಎಷ್ಟು ಮಂದಿಯನ್ನು ಮತ್ತೆ ಥಿಯೇಟರ್‌ಗೆ ಒಯ್ಯಬೇಕಾಯಿತು ಎಂದು ಕೇಳಿ. ಹಳೆಯ ಗಾಯದ ಅಂಟು, ರಕ್ತಸಂಚಾರ ಕಡಿಮೆಯಾದ ಅಂಚು ಇರುವುದರಿಂದ ರಿವಿಷನ್‌ನಲ್ಲಿ ಲೀಕ್ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ‘ನನ್ನ ಕೈಯಲ್ಲಿ ಒಂದೂ ಲೀಕ್ ಆಗಿಲ್ಲ’ ಎಂಬ ಉತ್ತರ ಬಂದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ. ಐಸಿಯು, ರಾತ್ರಿಯೂ ಸಿಗುವ ಸಿಟಿ ಸ್ಕ್ಯಾನ್, ಸ್ಟೆಂಟ್ (ಸೋರಿಕೆ ಮುಚ್ಚುವ ಕೊಳವೆ) ಹಾಕಬಲ್ಲ ಎಂಡೋಸ್ಕೋಪಿ ಡಾಕ್ಟರ್ ಒಂದೇ ಕಟ್ಟಡದಲ್ಲಿ ಇರಬೇಕು. ನಿಮ್ಮ ಹೊಟ್ಟೆ ತೆರೆಯುವವರು ಆ ಸರ್ಜನ್ ಅವರೋ, ಸಹಾಯಕರೋ ಎಂದೂ ಸ್ಪಷ್ಟ ಮಾಡಿಕೊಳ್ಳಿ.

ವಿಮೆಗೆ 2019ರ ಐಆರ್‌ಡಿಎಐ (ವಿಮಾ ನಿಯಂತ್ರಣ ಸಂಸ್ಥೆ) ನಿಯಮದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40, ಇಲ್ಲವೇ ಗಂಭೀರ ಕಾಯಿಲೆಯೊಂದಿಗೆ 35 ಎಂಬ ಗೆರೆ ಹಾಕಲಾಗಿತ್ತು. ಎದೆಯುರಿಗಾಗಿ ರಿವಿಷನ್ ಮಾಡಿಸುವವರ ಬಿಎಂಐ ಅದಕ್ಕಿಂತ ಕೆಳಗಿರುವುದುಂಟು. ಪೂರ್ವಾನುಮತಿ ಕಾಗದದಲ್ಲಿ ಬರದೆ ದಾಖಲಾಗಬೇಡಿ.

ಬೀಡಿ, ಸಿಗರೇಟು, ಗುಟ್ಕಾ ಆರು ವಾರ ಮೊದಲೇ ಬಿಡಬೇಕು, ಬೈಪಾಸ್ ಆದ ಮೇಲೆ ಮತ್ತೆ ಮುಟ್ಟಬಾರದು. ಮೊಣಕಾಲಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಕೂಡ ಜೋಡಣೆಯಲ್ಲಿ ಹುಣ್ಣು ಮಾಡುತ್ತದೆ. ಡಿಸ್ಚಾರ್ಜ್ ಆದ ಕೂಡಲೇ ರೈಲು ಹತ್ತದೆ ಹತ್ತು ದಿನವಾದರೂ ಆ ಊರಲ್ಲೇ ಇರಿ. ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ, ಹೊಟ್ಟೆನೋವು, ಎಡಭುಜದ ನೋವು ಬಂದರೆ ಅದು ಲೀಕ್ ಇರಬಹುದು, ಬೆಳಗಿನ ತನಕ ಕಾಯುವಂತಿಲ್ಲ.

ಊರಿಗೆ ಮರಳಿದ ಮೇಲೆ ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ಹತ್ತಿರದ ದವಾಖಾನೆಯಲ್ಲಿ ಮೊದಲು ಹಚ್ಚುವುದೇ ಗ್ಲೂಕೋಸ್ ಬಾಟ್ಲಿ. ಆದರೆ ಬಿ1 ಎಂದರೆ ಥಯಾಮಿನ್ ಕೊರತೆ ಇರುವವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು: ಕಣ್ಣು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು. ‘ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್ ಆಗಿದೆ, ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ’ ಎಂಬ ಸಾಲು, ಆಪರೇಷನ್ ಹೆಸರು, ಸರ್ಜನ್ ಫೋನ್ ನಂಬರ್ ಇರುವ ಚೀಟಿಯನ್ನು ಡಿಸ್ಚಾರ್ಜ್ ದಿನವೇ ಸಹಿ ಮುದ್ರೆ ಹಾಕಿಸಿ ತನ್ನಿ. ಮನೆಯವರ ಮೊಬೈಲ್‌ನಲ್ಲೂ ಅದರ ಫೋಟೋ ಇರಲಿ.