ರೇಡಿಯೊ ನಡುವೆ ನಿಲ್ಲುವುದೇಕೆ? ಅಂತರ್ಜಾಲ ಬಾನುಲಿಯ ಬಫರಿಂಗ್ ಪತ್ತೆ ಹಚ್ಚುವ ಬಗೆ

ಬೆಳಗಿನ ಅಡುಗೆಯ ಹೊತ್ತಿಗೆ ರೇಡಿಯೊ ಹಚ್ಚಿಡುವ ಅಭ್ಯಾಸ ದಾವಣಗೆರೆಯ ನಮ್ಮ ಮನೆಗೆ ಟ್ರಾನ್ಸಿಸ್ಟರ್ ಕಾಲದಿಂದ ಬಂದದ್ದು. ಮೊಬೈಲು ಬಂದ ಮೇಲೆ ಭದ್ರಾವತಿ, ಧಾರವಾಡ, ಬೆಂಗಳೂರು ಎಂಬ ಭೇದವಿಲ್ಲದೆ ಎಲ್ಲ ನಿಲಯಗಳೂ ಒಂದೇ ಆ್ಯಪಿನಲ್ಲಿ, ಗರಗರ ಸದ್ದಿಲ್ಲದೆ ಸಿಗತೊಡಗಿದವು. ಜೊತೆಗೇ ಟ್ರಾನ್ಸಿಸ್ಟರಿಗೆ ಗೊತ್ತಿರದ ಒಂದು ಕಾಯಿಲೆಯೂ ಬಂತು. ವಾರ್ತೆ ಓದುವವರ ದನಿ ವಾಕ್ಯದ ನಡುವೆ ಕಡಿದುಹೋಗಿ ಪರದೆಯ ಮೇಲೆ ಪುಟ್ಟ ಚಕ್ರ ತಿರುಗುತ್ತದೆ, ಮತ್ತೆ ದನಿ ಬರುವಷ್ಟರಲ್ಲಿ ಆ ಸುದ್ದಿಯೇ ಮುಗಿದಿರುತ್ತದೆ. ಎಲ್ಲರೂ ಮಾಡುವುದನ್ನೇ ಮೊದಲು ನಾನೂ ಮಾಡಿದೆ: 40 ಮೆಗಾಬಿಟ್ಟಿನ ಬ್ರಾಡ್‌ಬ್ಯಾಂಡ್ ಯೋಜನೆಯನ್ನು 100 ಮೆಗಾಬಿಟ್ಟಿಗೆ ಏರಿಸಿದೆ. ಬಿಲ್ಲು ಏರಿತು, ಚಕ್ರ ಮಾತ್ರ ತಿರುಗುತ್ತಲೇ ಇತ್ತು.

ಹಾಗೇಕಾಯಿತು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಸಂಗೀತವನ್ನು ಚೆನ್ನಾಗಿ ಕೇಳಿಸುವ ಅಂತರ್ಜಾಲ ನಿಲಯವೊಂದು ಸಾಮಾನ್ಯವಾಗಿ ಸೆಕೆಂಡಿಗೆ 128 ಕಿಲೋಬಿಟ್ ದತ್ತಾಂಶ ಕಳಿಸುತ್ತದೆ. ಮಾತೇ ಹೆಚ್ಚಿರುವ ನಿಲಯಕ್ಕೆ 32ರಿಂದ 64 ಸಾಕು. 40 ಮೆಗಾಬಿಟ್ ಎಂದರೆ 40,000 ಕಿಲೋಬಿಟ್. ಅಂದರೆ ನನ್ನ ಹಳೆಯ ಯೋಜನೆಯಲ್ಲೇ ಇಂಥ ಮುನ್ನೂರು ನಿಲಯಗಳು ಒಟ್ಟಿಗೆ ಹರಿದುಬರಬಹುದಿತ್ತು. ಬಫರಿಂಗಿಗೆ ವೇಗದ ಕೊರತೆ ಕಾರಣವಾಗುವುದು ಅಪರೂಪ. ಕೊರತೆ ಇರುವುದು ಹರಿವಿನ ಎಡೆಬಿಡದ ಗುಣದಲ್ಲಿ. ಅದು ನಿಲಯದಿಂದ ಕಿವಿಯವರೆಗಿನ ಹಾದಿಯಲ್ಲಿ ಎಲ್ಲಿ ಕಡಿಯುತ್ತಿದೆ ಎಂದು ಹುಡುಕುವುದೇ ಇಲ್ಲಿರುವ ಕೆಲಸ.

ಬಫರ್ ಎಂದರೇನು ಎಂಬುದನ್ನು ನಮ್ಮ ಕಡೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಬಂದಾಗ ಸಂಪು ತುಂಬಿಸಿಕೊಂಡು, ಬಾರದ ದಿನಗಳಲ್ಲಿ ಅದನ್ನೇ ಬಳಸುವುದು ಚಿತ್ರದುರ್ಗದ ಮನೆಗಳಿಗೆ ಹೊಸದಲ್ಲ. ಆ್ಯಪು ಸಹ ಕೆಲವು ಸೆಕೆಂಡುಗಳ ಧ್ವನಿಯನ್ನು ಮೊದಲೇ ಕೂಡಿಟ್ಟುಕೊಂಡು ನುಡಿಸಲು ತೊಡಗುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಧ್ವನಿಮುದ್ರಿತ ಹಾಡಾದರೆ ಮುಂದಿನ ಭಾಗ ಸರ್ವರಿನಲ್ಲಿ, ಅಂದರೆ ಧ್ವನಿ ಕಳಿಸುವ ಕಡೆಯ ಕಂಪ್ಯೂಟರಿನಲ್ಲಿ, ಸಿದ್ಧವಾಗಿಯೇ ಇರುವುದರಿಂದ ಆ್ಯಪು ಬೇಕಾದಷ್ಟು ಮುಂದಕ್ಕೆ ಎಳೆದಿಟ್ಟುಕೊಳ್ಳಬಲ್ಲದು. ನೇರ ಪ್ರಸಾರದಲ್ಲಿ ಮುಂದಿನ ಮಾತು ಇನ್ನೂ ಆಡಿಯೇ ಇರುವುದಿಲ್ಲ. ಆದ್ದರಿಂದ ಮೊದಲ ಸಲ ಎಷ್ಟು ತುಂಬಿತೋ ಅಷ್ಟೇ ಸಂಪಿನ ಎತ್ತರ. ಐಸ್‌ಕಾಸ್ಟ್ ಎಂಬ, ಬಹಳ ನಿಲಯಗಳು ಬಳಸುವ ಸರ್ವರ್ ತಂತ್ರಾಂಶ ಕೇಳುಗ ಬಂದೊಡನೆ ಒಮ್ಮೆಲೇ ಸುರಿಯುವ ಧ್ವನಿ, ಯಾರೂ ಬದಲಿಸದಿದ್ದರೆ, 64 ಕಿಲೋಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 128 ಕಿಲೋಬಿಟ್ಟಿನ ನಿಲಯಕ್ಕೆ ಅದು ಸುಮಾರು ನಾಲ್ಕು ಸೆಕೆಂಡು ಮಾತ್ರ. ದೊಡ್ಡ ಚಲನಚಿತ್ರ ತಡೆಯಿಲ್ಲದೆ ಓಡುವ ಮನೆಯಲ್ಲೇ ಬಡಪಾಯಿ ರೇಡಿಯೊ ಮುಗ್ಗರಿಸುವುದರ ಗುಟ್ಟು ಇದು.

ಮೊದಲ ಹೆಜ್ಜೆ: ಮೂರು ಅದಲುಬದಲು

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಮೂರು ಪರೀಕ್ಷೆ ಮಾಡಬೇಕು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಯಾವ ಮದ್ದಿಗೆ ವಾಸಿಯಾಯಿತೆಂದು ತಿಳಿಯುವುದಿಲ್ಲ.

ಒಂದನೆಯದಾಗಿ, ಅದೇ ಫೋನಿನಲ್ಲಿ ಅದೇ ಜಾಲದ ಮೇಲೆ ಬೇರೆ ಸಂಸ್ಥೆಯ ಮತ್ತೊಂದು ನಿಲಯವನ್ನು ಹದಿನೈದು ನಿಮಿಷ ಕೇಳಬೇಕು. ಅದು ನಿಲ್ಲದೆ ಬಂದರೆ ದೋಷ ಮೊದಲ ನಿಲಯದ ಕಡೆಯದು. ಎರಡನೆಯದಾಗಿ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಅದೇ ನಿಲಯ ಹಚ್ಚಬೇಕು. ಈಗ ಸರಿಹೋದರೆ ದೋಷ ಮನೆಯ ವೈಫೈಯಲ್ಲೋ ಬ್ರಾಡ್‌ಬ್ಯಾಂಡ್ ತಂತಿಯಲ್ಲೋ ಇದೆ. ಮೂರನೆಯದಾಗಿ, ವೈಫೈಗೆ ಮರಳಿ, ಫೋನನ್ನು ರೂಟರಿನ ಎದುರೇ ಎರಡು ಮೀಟರ್ ಅಂತರದಲ್ಲಿಟ್ಟು ಕೇಳಬೇಕು. ಅಲ್ಲಿ ಸರಿ, ಅಡುಗೆಮನೆಯಲ್ಲಿ ತಪ್ಪು ಎಂದಾದರೆ ತಂತಿ ನಿರಪರಾಧಿ, ವೈಫೈಯೇ ಅಪರಾಧಿ.

ಇವುಗಳ ಜೊತೆಗೆ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ದನಿ ಚೂರುಚೂರಾಗಿ ಕಡಿಯುತ್ತಿದ್ದು ಪರದೆಯ ಮೇಲೆ ಚಕ್ರವೇ ಕಾಣದಿದ್ದರೆ ಅದು ಬಹುಮಟ್ಟಿಗೆ ಬಫರಿಂಗ್ ಅಲ್ಲ, ಬ್ಲೂಟೂತ್ ಸ್ಪೀಕರಿನ ತೊಂದರೆ. ಸ್ಪೀಕರ್ ಬಿಟ್ಟು ಫೋನಿನ ಧ್ವನಿಯಲ್ಲೇ ಕೇಳಿ ನೋಡಿದರೆ ಅನುಮಾನ ತೀರುತ್ತದೆ.

ಮನೆಯೊಳಗಿನ ವೈಫೈ

ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳು ಇಲ್ಲಿಗೇ ಬಂದು ನಿಲ್ಲುತ್ತವೆ. ನಮ್ಮ ಮನೆಯ ರೂಟರನ್ನು ಅಳವಡಿಸಿದವರು, ಹೊರಗಿನಿಂದ ತಂತಿ ಒಳಬರುವ ಕಡೆಯೇ ಹತ್ತಿರವೆಂದು, ಮುಂದಿನ ಕೋಣೆಯ ಕಬ್ಬಿಣದ ಬೀರುವಿನ ಮೇಲೆ ಇಟ್ಟುಹೋಗಿದ್ದರು. ಬೀರುವಿನ ಲೋಹ ಒಂದು ಕಡೆ, ಅಡುಗೆಮನೆಗೂ ಅದಕ್ಕೂ ನಡುವೆ ಎರಡು ಗೋಡೆ ಇನ್ನೊಂದು ಕಡೆ. ಫೋನಿನಲ್ಲಿ ವೈಫೈ ಗುರುತು ಎರಡು ಗೆರೆ ತೋರಿಸುತ್ತಿದ್ದುದರಿಂದ ನಾನು ಅದನ್ನು ಶಂಕಿಸಿರಲೇ ಇಲ್ಲ. ಉದ್ದದ ತಂತಿ ತರಿಸಿ ರೂಟರನ್ನು ನಡುಮನೆಯಲ್ಲಿ ಎದೆಮಟ್ಟದ ಎತ್ತರಕ್ಕೆ ತಂದ ದಿನದಿಂದ ಬೆಳಗಿನ ವಾರ್ತೆ ಕಡಿದಿಲ್ಲ. ಯೋಜನೆಯನ್ನು ಮತ್ತೆ 40ಕ್ಕೆ ಇಳಿಸಿದೆ.

ಚಿತ್ರದುರ್ಗದ ದೊಡ್ಡಪೇಟೆಯಂಥ ಹಳೆಯ ಬೀದಿಗಳಲ್ಲಿ ದಪ್ಪ ಕಲ್ಲಿನ, ಮಣ್ಣಿನ ಗೋಡೆಗಳಿರುವ ಮನೆಗಳುಂಟು. ಅಂಥಲ್ಲಿ ಒಂದೇ ರೂಟರಿನಿಂದ ಹಿತ್ತಲವರೆಗೆ ಅಲೆ ಮುಟ್ಟಬೇಕೆಂದು ನಿರೀಕ್ಷಿಸುವುದು ಅತಿಯಾಸೆ. ರೂಟರ್ ಅಲೆ ಕಳಿಸುವ ಪಟ್ಟಿಗಳಲ್ಲಿ (ಬ್ಯಾಂಡ್) ಗೋಡೆ ದಾಟುವುದಕ್ಕೆ 2.4 ಗಿಗಾಹರ್ಟ್ಸ್ ಪಟ್ಟಿ ಮೇಲು, ಕಿರಿಕಿರಿಯಿಲ್ಲದ ಹರಿವಿಗೆ 5 ಗಿಗಾಹರ್ಟ್ಸ್ ಪಟ್ಟಿ ಮೇಲು. ಆದ್ದರಿಂದ ರೂಟರ್ ಇರುವ ಕೋಣೆಯಲ್ಲೇ ಕೇಳುವವರು 5ನ್ನೂ, ಗೋಡೆಯಾಚೆ ಕೇಳುವವರು 2.4ನ್ನೂ ಆರಿಸಿಕೊಳ್ಳುವುದು ಸರಿ. ಕಲ್ಲಿನ ಮನೆಗೆ ನಿಜವಾದ ಪರಿಹಾರವೆಂದರೆ ಹಿಂದಿನ ಕೋಣೆಯವರೆಗೆ ತಂತಿ ಎಳೆದು ಅಲ್ಲೊಂದು ಚಿಕ್ಕ ರೂಟರ್ ಇಡುವುದು. ತಂತಿಯಿಲ್ಲದ ರಿಪೀಟರ್ ಪೆಟ್ಟಿಗೆಗಳು ಅಗ್ಗವಾದರೂ, ಕೇಳಿದ್ದನ್ನೇ ಮತ್ತೆ ಹೇಳುವ ಕೆಲಸದಲ್ಲಿ ಅವು ಅರ್ಧ ಸಮಯ ಕಳೆಯುತ್ತವೆ.

2.4 ಪಟ್ಟಿಯಲ್ಲಿ ಇನ್ನೊಂದು ತೊಡಕಿದೆ: ಅಕ್ಕಪಕ್ಕದವರ ರೂಟರುಗಳು, ಬ್ಲೂಟೂತ್ ಸಾಧನಗಳು, ಅಡುಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ಗುದ್ದಾಡುತ್ತವೆ. ದಾವಣಗೆರೆಯ ಕಾಲೇಜುಗಳ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ಫೋನು ತೆರೆದರೆ ಹದಿನೈದಿಪ್ಪತ್ತು ವೈಫೈ ಹೆಸರುಗಳು ಸಾಲಾಗಿ ಕಾಣುವುದುಂಟು. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಚಾನೆಲ್ ಸಂಖ್ಯೆಯನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ನಿಲ್ಲಿಸಿ, ಪ್ರತಿಯೊಂದನ್ನೂ ಒಂದೊಂದು ಸಂಜೆ ಪರೀಕ್ಷಿಸಬೇಕು. ಈ ಮೂರೇ ಏಕೆಂದರೆ ಒಂದರ ಮೇಲೊಂದು ಹಾಯದಷ್ಟು ಅಂತರ ಇರುವುದು ಇವುಗಳಿಗೆ ಮಾತ್ರ. ಜಾಣತನವೆಂದು 3ನ್ನೋ 8ನ್ನೋ ಆರಿಸಿದರೆ ಎರಡೂ ಕಡೆಯ ಗದ್ದಲ ತಲೆಗೆ ಬರುತ್ತದೆ.

ದಿನವೂ ರಾತ್ರಿ ಒಂದೇ ಹೊತ್ತಿಗೆ ಹರಿವು ಕಡಿಯುವುದಾದರೆ ಮನೆಯಲ್ಲಿ ಯಾರ ಫೋನು ಆ ಹೊತ್ತಿನಲ್ಲಿ ಫೋಟೊ, ವಿಡಿಯೊಗಳನ್ನು ಮೇಲಕ್ಕೇರಿಸುತ್ತಿದೆ ಎಂದು ವಿಚಾರಿಸುವುದು ಒಳ್ಳೆಯದು. ಏರಿಕೆಯ ದಾರಿ ಕಿಕ್ಕಿರಿದರೆ, 'ಧ್ವನಿ ತಲುಪಿತು, ಮುಂದಿನದನ್ನು ಕಳಿಸು' ಎಂದು ನಮ್ಮ ಫೋನು ಸರ್ವರಿಗೆ ಕಳಿಸುವ ರಸೀದಿಯೂ ಸಾಲಿನಲ್ಲಿ ಕಾಯಬೇಕಾಗುತ್ತದೆ. ಇಳಿಕೆಯ ವೇಗ ನೂರಿದ್ದರೂ ರೇಡಿಯೊ ನಿಲ್ಲುತ್ತದೆ.

ತಂತಿಯ ಪರೀಕ್ಷೆ

ರೂಟರಿನ ಎದುರು ಕೂತರೂ ಚಕ್ರ ತಿರುಗುವುದಾದರೆ ಮುಂದಿನ ಅನುಮಾನ ಹೊರಗಿನ ತಂತಿಯ ಮೇಲೆ. ವೇಗ ಅಳೆಯುವ ಆ್ಯಪುಗಳು ಇಲ್ಲಿ ದಾರಿ ತಪ್ಪಿಸುತ್ತವೆ, ಏಕೆಂದರೆ ಅವು ಕೆಲವೇ ಸೆಕೆಂಡುಗಳ ಓಟದ ಸರಾಸರಿಯನ್ನು ತೋರಿಸುತ್ತವೆ, ನಡುವಿನ ಎಡವುವಿಕೆ ಆ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಬದಲಿಗೆ ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದ, ಒಂದು ತೆರಪು, ನಂತರ ರೂಟರಿನ ವಿಳಾಸ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಮತ್ತೊಂದು ತೆರಪು, ಅಡ್ಡಗೆರೆ ಮತ್ತು ಟಿ ಅಕ್ಷರ ಬರೆದು ಎಂಟರ್ ಒತ್ತಬೇಕು. ಐದು ನಿಮಿಷ ಓಡಲು ಬಿಟ್ಟು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸಿದರೆ ದತ್ತಾಂಶದ ಎಷ್ಟು ಪೊಟ್ಟಣ (ಪ್ಯಾಕೆಟ್) ಕಳಿಸಲಾಯಿತು, ಎಷ್ಟು ಕಳೆದುಹೋಯಿತು ಎಂಬ ಲೆಕ್ಕ ಕೆಳಗೆ ಬರುತ್ತದೆ. ಆಮೇಲೆ ಅದನ್ನೇ ಗೂಗಲಿನ 8.8.8.8 ವಿಳಾಸಕ್ಕೆ ಮಾಡಬೇಕು. ರೂಟರಿನವರೆಗೆ ನಷ್ಟ ಸೊನ್ನೆಯಿದ್ದು ಹೊರಗಿನ ವಿಳಾಸಕ್ಕೆ ನೂರಕ್ಕೆ ಎರಡು ಮೂರು ಕಳೆಯುತ್ತಿದ್ದರೆ, ಅಥವಾ ಉತ್ತರ ಬರುವ ಮಿಲಿಸೆಕೆಂಡುಗಳು ಒಮ್ಮೆ 20, ಒಮ್ಮೆ 600 ಎಂದು ಜಿಗಿಯುತ್ತಿದ್ದರೆ, ದೋಷ ತಂತಿಯಲ್ಲೋ ಅದರಾಚೆಯೋ ಇದೆ.

ಫೈಬರ್ ಸಂಪರ್ಕವಾದರೆ ಪೆಟ್ಟಿಗೆಯ ಮೇಲೆ ಲಾಸ್ ಎಂಬ ಕೆಂಪು ದೀಪ ಆಗಾಗ ಮಿನುಗುತ್ತಿದೆಯೇ, ತಂತಿ ಎಲ್ಲಾದರೂ ಮೊಳೆಯ ಬಳಿ ಚೂಪಾಗಿ ಮಡಚಿದೆಯೇ ಎಂದು ನೋಡಬೇಕು. ಗಾಜಿನ ಎಳೆ ಮುರಿಯದಿದ್ದರೂ ಮಡಿಕೆಯಲ್ಲಿ ಬೆಳಕು ಸೋರುತ್ತದೆ. ದುರಸ್ತಿಗೆ ಬಂದವರನ್ನು 'ಪವರ್ ಎಷ್ಟು ತೋರಿಸುತ್ತಿದೆ' ಎಂದು ಕೇಳುವುದರಲ್ಲಿ ಸಂಕೋಚ ಬೇಡ: ತಂತಿಯಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ; ಸಾಮಾನ್ಯ ಮನೆಪೆಟ್ಟಿಗೆಗಳಿಗೆ ಮೈನಸ್ 27 ಡಿಬಿಎಂ ಕೊನೆಯ ಮಿತಿ, ಅದರ ಅಂಚಿನಲ್ಲಿರುವ ಸಂಪರ್ಕ ಇವತ್ತು ನಡೆದರೂ ನಾಳೆ ಕೈಕೊಡುತ್ತದೆ. ಕರೆಂಟು ಹೋದಾಗಲೆಲ್ಲ ರೇಡಿಯೊ ಎರಡು ನಿಮಿಷ ಸುಮ್ಮನಾಗುವುದಾದರೆ ಫೈಬರ್ ಪೆಟ್ಟಿಗೆ, ರೂಟರ್ ಎರಡಕ್ಕೂ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿಸಿದರೆ ಮುಗಿಯಿತು.

ಮೊಬೈಲ್ ಡೇಟಾದಲ್ಲಿ ಕೇಳುವವರಿಗೆ

128 ಕಿಲೋಬಿಟ್ಟಿನ ನಿಲಯ ಗಂಟೆಗೆ 57.6 ಮೆಗಾಬೈಟ್ ನುಂಗುತ್ತದೆ, 64ರದ್ದು ಅದರ ಅರ್ಧ. ಇದು ಹೆಚ್ಚೇನಲ್ಲ. ಆದರೆ ದಿನದ ಡೇಟಾ ಮಿತಿ ವಿಡಿಯೊಗಳಲ್ಲಿ ಮುಗಿದುಹೋದ ಮೇಲೆ ಹಲವು ಯೋಜನೆಗಳು ವೇಗವನ್ನು 64 ಕಿಲೋಬಿಟ್ಟಿಗೆ ಇಳಿಸುತ್ತವೆ. ಆ ಇಕ್ಕಟ್ಟಿನಲ್ಲಿ 128ರ ನಿಲಯ ಎಂದಿಗೂ ಸರಿಯಾಗಿ ಬಾರದು. ವೇಗವೇ ನಿಜವಾದ ಕಾರಣವಾಗುವ ಅಪರೂಪದ ಸಂದರ್ಭ ಇದು. ಆ್ಯಪಿನಲ್ಲಿ ಗುಣಮಟ್ಟದ ಆಯ್ಕೆ ಇದ್ದರೆ ಕೆಳಗಿನ 32ನ್ನೋ 48ನ್ನೋ ಆರಿಸಬೇಕು. ಧ್ವನಿಯನ್ನು ಕುಗ್ಗಿಸಿ ಕಳಿಸುವ ಎಎಸಿ ವಿಧಾನದ ಹೊಸ ರೂಪಗಳಲ್ಲಿ 48 ಕಿಲೋಬಿಟ್ ಸಹ ಕಿವಿಗೆ ಹಿತವಾಗಿಯೇ ಕೇಳುತ್ತದೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ಬಸ್ಸಿನಲ್ಲಿ ಹೋಗುವಾಗ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತದೆ, ಗುಡ್ಡ ಅಡ್ಡ ಬಂದಲ್ಲಿ ಅಲೆ ಕ್ಷೀಣಿಸುತ್ತದೆ. 5ಜಿ ಬಂದು ಹೋಗುವ ಕಡೆ ಫೋನು ಎರಡರ ನಡುವೆ ತೂಗಾಡದಂತೆ ಜಾಲದ ಆಯ್ಕೆಯನ್ನು 4ಜಿಗೆ ನಿಲ್ಲಿಸುವುದು ಪ್ರಯಾಣದಲ್ಲಿ ಬಹಳ ಸಹಾಯಕ. ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ ಕೂತು ಕೇಳುವವರು ಒಂದನ್ನು ಗಮನಿಸಬಹುದು: ತಗಡಿನ ಶಟರ್ ಅರ್ಧ ಇಳಿಸಿದೊಡನೆ ಸಿಗ್ನಲ್ಲೂ ಇಳಿಯುತ್ತದೆ. ಫೋನನ್ನು ಗಲ್ಲಾಪೆಟ್ಟಿಗೆಯಿಂದ ಬಾಗಿಲ ಬಳಿಯ ಕಪಾಟಿಗೆ ವರ್ಗಾಯಿಸಿದರೆ ಸಾಕಾಗುತ್ತದೆ.

ಫೋನು ಮತ್ತು ಆ್ಯಪು

ಪರದೆ ಆರಿದ ಕೆಲವು ನಿಮಿಷಗಳಿಗೆ ಸರಿಯಾಗಿ ರೇಡಿಯೊ ನಿಂತು, ಫೋನು ಎತ್ತಿ ಮುಟ್ಟಿದೊಡನೆ ಮತ್ತೆ ಹಾಡುವುದಾದರೆ ಜಾಲವನ್ನು ದೂರಬೇಕಿಲ್ಲ. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸುತ್ತಿದೆ. ಆಂಡ್ರಾಯ್ಡಿನ ಸೆಟ್ಟಿಂಗಿನಲ್ಲಿ ಆ ಆ್ಯಪಿನ ಬ್ಯಾಟರಿ ವಿಭಾಗಕ್ಕೆ ಹೋಗಿ ನಿರ್ಬಂಧವಿಲ್ಲದ ಆಯ್ಕೆ ಒತ್ತಬೇಕು, ಡೇಟಾ ಸೇವರ್ ಇದ್ದರೆ ಅದರಲ್ಲಿಯೂ ವಿನಾಯಿತಿ ಕೊಡಬೇಕು.

ಸಂಪನ್ನೇ ದೊಡ್ಡದು ಮಾಡುವ ಅವಕಾಶವೂ ಇದೆ. ನಿಲಯದ ನೇರ ಕೊಂಡಿ ಸಿಗುವುದಾದರೆ ಅದನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯಬಹುದು. ಕಂಪ್ಯೂಟರಿನ ಆವೃತ್ತಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಕೆಳಗೆ ಎಲ್ಲವನ್ನೂ ತೋರಿಸುವ ಆಯ್ಕೆ, ನಂತರ ಇನ್‌ಪುಟ್ ಮತ್ತು ಕೋಡೆಕ್ಸ್ ವಿಭಾಗಕ್ಕೆ ಹೋದರೆ ನೆಟ್‌ವರ್ಕ್ ಕ್ಯಾಶಿಂಗ್ ಎಂಬಲ್ಲಿ 1000 ಮಿಲಿಸೆಕೆಂಡ್, ಅಂದರೆ ಒಂದೇ ಸೆಕೆಂಡು ಇರುತ್ತದೆ. ಅದನ್ನು 10000ಕ್ಕೆ ಏರಿಸಿದರೆ ಹತ್ತು ಸೆಕೆಂಡಿನವರೆಗಿನ ಕಡಿತವನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ತಡ: ಹಚ್ಚಿದೊಡನೆ ಹಾಡದು, ಮತ್ತು ಕ್ರಿಕೆಟ್ ವೀಕ್ಷಕ ವಿವರಣೆ ಕೇಳುವವರಿಗೆ ಪಕ್ಕದ ಮನೆಯ ಕೂಗು ಸಿಕ್ಸರಿಗಿಂತ ಮೊದಲೇ ತಲುಪುತ್ತದೆ.

ಆ್ಯಪಿನ ಕ್ಯಾಶ್ ಅಳಿಸಿ, ಡಿಎನ್‌ಎಸ್ ಬದಲಿಸಿ ಎಂಬ ಸಲಹೆಗಳು ಎಲ್ಲೆಡೆ ಹರಿದಾಡುತ್ತವೆ. ಡಿಎನ್‌ಎಸ್ ಕೆಲಸ ನಿಲಯದ ವಿಳಾಸ ಹುಡುಕಿಕೊಡುವುದಷ್ಟೇ; ನಿಲಯ ತೆರೆದುಕೊಳ್ಳುವುದೇ ತಡವಾದರೆ ಅದನ್ನು ಬದಲಿಸಿ ನೋಡಬಹುದು, ಅರ್ಧ ಗಂಟೆ ಹಾಡಿದ ಮೇಲೆ ಬರುವ ಕಡಿತಕ್ಕೆ ಅದರಿಂದ ಉಪಯೋಗವಿಲ್ಲ. ದತ್ತಾಂಶವನ್ನು ಬೇರೊಂದು ಸರ್ವರಿನ ಮೂಲಕ ಸುತ್ತಿಸಿ ತರುವ ವಿಪಿಎನ್ ಹಾಕಿಕೊಂಡಿದ್ದರೆ ಮಾತ್ರ ಮೊದಲು ಅದನ್ನು ತೆಗೆದು ಕೇಳಬೇಕು.

ದೋಷ ನಿಲಯದ್ದೇ ಆದಾಗ

ಎರಡು ಜಾಲ, ಎರಡು ಫೋನುಗಳಲ್ಲಿ ಅದೇ ನಿಲಯ ಅದೇ ಹೊತ್ತಿಗೆ ನಿಲ್ಲುವುದಾದರೆ ನಮ್ಮ ಮನೆಯಲ್ಲಿ ಮಾಡುವುದೇನೂ ಉಳಿದಿಲ್ಲ. ಕೇಳುಗರ ಸಂಖ್ಯೆ ಸರ್ವರಿನ ಅಳವನ್ನು ಮೀರಿರಬಹುದು, ಇಲ್ಲವೇ ಸ್ಟುಡಿಯೊದಿಂದ ಸರ್ವರಿಗೆ ಹೋಗುವ ಅವರದೇ ತಂತಿ ಎಡವುತ್ತಿರಬಹುದು. ಆಕಾಶವಾಣಿ ಚಿತ್ರದುರ್ಗದಂಥ, ಗಾಳಿಯಲ್ಲೂ ಸಿಗುವ ನಿಲಯವಾದರೆ ಎಫ್‌ಎಂ ರಿಸೀವರನ್ನು 102.6 ಮೆಗಾಹರ್ಟ್ಸಿಗೆ ತಿರುಗಿಸಿ ನೋಡಬಹುದು: ಅಲ್ಲಿ ದನಿ ಸರಿಯಿದ್ದರೆ ಸ್ಟುಡಿಯೊ ಸರಿಯಿದೆ, ಅಂತರ್ಜಾಲಕ್ಕೆ ಹೋಗುವ ಕವಲಿನಲ್ಲಿ ಮಾತ್ರ ತೊಂದರೆ. ನಿಲಯಕ್ಕೆ ಬರೆಯುವಾಗ 'ನಿಮ್ಮ ರೇಡಿಯೊ ಬರುತ್ತಿಲ್ಲ' ಎಂಬ ಒಂದು ಸಾಲಿನಿಂದ ಅವರಿಗೆ ಏನೂ ತಿಳಿಯದು. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ನಿಂತಿತು, ಎಷ್ಟು ಸೆಕೆಂಡು ನಿಂತಿತ್ತು, ಯಾವ ಆ್ಯಪು, ಯಾವ ಎರಡು ಜಾಲಗಳಲ್ಲಿ ಪರೀಕ್ಷಿಸಲಾಯಿತು, ಅದೇ ಹೊತ್ತಿಗೆ ಬೇರೆ ನಿಲಯ ಸರಿಯಾಗಿ ಬರುತ್ತಿತ್ತೇ ಎಂಬುದನ್ನೆಲ್ಲ ಬರೆದರೆ, ಅವರ ತಾಂತ್ರಿಕ ಸಿಬ್ಬಂದಿ ಸರ್ವರಿನ ದಾಖಲೆಯಲ್ಲಿ ಆ ನಿಮಿಷವನ್ನೇ ತೆರೆದು ನೋಡಬಲ್ಲರು.